ಕುಂಕುಮದ ಎಂಟು ಫೈಲುಗಳು

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಾನು ಪೂರ್ತಿ ಎಚ್ಚರವಾಗಿರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಕೆಲಸ ಮಾಡುವ ಡಿಸೈನ್ ಅಂಗಡಿ ದೊಡ್ಡಬಳ್ಳಾಪುರದ ಒಂದು ಮಗ್ಗದ ಬೀದಿಯಲ್ಲಿ, ಮೊದಲನೇ ಮಹಡಿಯಲ್ಲಿದೆ. ಕೆಳಗೆ, ಎದುರಿಗೆ, ಅಕ್ಕಪಕ್ಕದಲ್ಲಿ ಎಲ್ಲೆಲ್ಲೂ ಕರೆಂಟಿನ ಮಗ್ಗಗಳೇ. ಊಟ ಮುಗಿಸಿ ಕುರ್ಚಿಯಲ್ಲಿ ಕೂತರೆ ಆ ಸದ್ದು ಕಿವಿಗೆ ಕೇಳುವುದು ನಿಂತು ಬೆನ್ನಿಗೆ ಕೇಳತೊಡಗುತ್ತದೆ. ಮಗ್ಗದ ಮನೆಯಲ್ಲೇ ಹುಟ್ಟಿ, ತೊಟ್ಟಿಲಲ್ಲಿ ಇದೇ ಸದ್ದಿಗೆ ನಿದ್ದೆ ಹೋದವಳು ನಾನು. ಕಣ್ಣು ತೆರೆದಿರುತ್ತದೆ, ಬೆರಳು ಓಡುತ್ತಿರುತ್ತದೆ, ಒಳಗಿನವಳು ಮಾತ್ರ ಎಲ್ಲೋ ತೇಲಿಕೊಂಡಿರುತ್ತಾಳೆ.

ನಮ್ಮದು ಹಳೆಯ ಸೀರೆ ಡಿಸೈನುಗಳನ್ನು ಹೊಸ ಯಂತ್ರಕ್ಕೆ ಇಳಿಸಿಕೊಡುವ ಕೆಲಸ. ಹಿಂದೆ ಮಗ್ಗದ ಮೇಲೆ ಜಕಾರ್ಡ್ ಎಂಬ ಮರದ ಚೌಕಟ್ಟಿನಲ್ಲಿ ರಟ್ಟಿನ ಕಾರ್ಡುಗಳ ಸರ ತಿರುಗುತ್ತಿತ್ತು. ಒಂದು ಕಾರ್ಡಿನಲ್ಲಿ ಎಲ್ಲೆಲ್ಲಿ ತೂತಿದೆಯೋ ಅಲ್ಲಲ್ಲಿ ಎಳೆ ಮೇಲೇಳುತ್ತದೆ, ಲಾಳಿ ಒಂದು ಸಲ ಹಾಯುತ್ತದೆ, ಮುಂದಿನ ಕಾರ್ಡು ಬರುತ್ತದೆ. ಈಗ ಕಾರ್ಡಿಲ್ಲ, ಸರವಿಲ್ಲ. ಒಂದು ಪೆನ್‌ಡ್ರೈವ್, ಅದರಲ್ಲಿ ಒಂದು ಫೈಲು.

ಅಂಚಿನ ಅಕ್ಕ ಎಂದು ನಾನು ಕರೆಯುವ ಹೆಂಗಸು ಆ ದಿನ ಮೆಟ್ಟಿಲು ಹತ್ತಿ ಬಂದದ್ದು ಇಂಥದೇ ಕೆಲಸಕ್ಕೆ. ಅರವತ್ತರ ಹತ್ತಿರ ವಯಸ್ಸು, ತವರು ರಾಜಘಟ್ಟ, ಮದುವೆಯಾಗಿ ಬಂದದ್ದು ನಮ್ಮೂರಿನ ನೇಯ್ಗೆಯ ಮನೆಗೆ. ಅವರ ಮನೆಯ ಅಂಚೊಂದು ಪೇಟೆಯಲ್ಲಿ ಹೆಸರುವಾಸಿ. ಕೊರಳು ಬಾಗಿಸಿ, ಕಣ್ಣು ಮುಚ್ಚಿ ಕೂತ ಹಂಸಗಳ ಸಾಲು. ಎಲ್ಲರೂ ಅದನ್ನು ಕರೆಯುವುದು ಅಕ್ಕನ ಮಾವನ ಹೆಸರು ಹಿಡಿದು. ಮಾವ ತೀರಿಕೊಂಡು ಬಹಳ ವರ್ಷವಾಯಿತು. ಅಂಚು ಮಾತ್ರ ಅವರ ಹೆಸರಿನಲ್ಲೇ ಓಡಾಡುತ್ತಿತ್ತು.

"ಸೋಮವಾರ ಹೊಸ ಮಿಷಿನ್ ಕೂರ್ಸೋಕೆ ಫಿಟ್ಟರ್ ಬರ್ತಾನೆ ಕಣಮ್ಮ. ಅಷ್ಟರಾಗೆ ನಮ್ ಅಂಚು ಆಗ್ಬೇಕು" ಎಂದರು ಅಕ್ಕ. "ಇಲ್ಲಾಂದ್ರೆ ಅವ್ನು ತಂದಿರೋ ರೆಡಿಮೇಡ್ ಬಳ್ಳಿ ಅಂಚು ಹಾಕ್ಬಿಡ್ತಾನೆ. ಒಂದ್ಸಲ ಅದು ಏರಿತು ಅಂದ್ರೆ ನಮ್ಮದು ಇನ್ನೆಲ್ಲಿ ಬರುತ್ತೆ? ಮನೇಲಿ ಎಲ್ರೂ ಬಳ್ಳಿನೇ ಸಾಕು ಅಂತವ್ರೆ."

ಕಾರ್ಡುಗಳನ್ನು ತನ್ನಿ ಎಂದೆ. ಅಕ್ಕ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. ಹಿಂದಿನ ವಾರ ಫೋನಿನಲ್ಲಿ ನಾನೇ ಹೇಳಿದ್ದೆನಂತೆ, ಕಾರ್ಡು ಹೊರಲಾಗದಿದ್ದರೆ ಕಿಟಕಿಗೆ ಹಿಡಿದು ಒಂದೊಂದನ್ನೂ ಫೋಟೋ ತೆಗೆಯಿರಿ ಎಂದು. ಅವರು ಫೋನಿಗೆ ಕಳಿಸಿದ ಒಂದೆರಡು ಫೋಟೋ ನೋಡಿ, "ಚೆನ್ನಾಗಿ ಬಂದಿದೆ ಅಕ್ಕ, ಇಷ್ಟು ಸಾಕು" ಎಂದೂ ಹೇಳಿದ್ದೆ. ಆ 'ಸಾಕು' ಎಂಬ ಮಾತನ್ನು ನಂಬಿ ಅಕ್ಕ ನಾಲ್ಕು ಮಧ್ಯಾಹ್ನ ಕೂತು ಎಲ್ಲವನ್ನೂ ತಾವೇ ತೆಗೆದರು. ಗೆದ್ದಲು ಸರದ ದಾರವನ್ನೆಲ್ಲ ತಿಂದು ಕಾರ್ಡು ಚೆಲ್ಲಾಪಿಲ್ಲಿಯಾಗಿದ್ದವಂತೆ. ಕೈಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ಕಿಟಕಿಗೆ ಹಿಡಿದು, ಮೊಬೈಲ್ ಅಂಗಡಿಯಲ್ಲಿ ಪೆನ್‌ಡ್ರೈವ್‌ಗೆ ಹಾಕಿಸಿ, ಫೋನಿನಲ್ಲಿ ಜಾಗವಿಲ್ಲವೆಂದು ಅಲ್ಲಿಂದ ಅಳಿಸಿಸಿದ್ದರು. ಕಾರ್ಡುಗಳು ಸ್ನಾನದ ಹಂಡೆಯ ಒಲೆಗೆ ಹೋಗಿದ್ದವು.

"ಎರಡು ದಿನ ನೀರು ಕಾಯ್ತು ಕಣಮ್ಮ" ಎಂದು ನಕ್ಕರು.

ಫೋಲ್ಡರ್ ತೆರೆದೆ. ನಾನೂರು ಫೋಟೋ. ಫೋನು ಇಟ್ಟ ಉದ್ದುದ್ದ ಹೆಸರುಗಳು, ತಾರೀಕು, ಗಂಟೆ, ನಿಮಿಷ, ಸೆಕೆಂಡು. ಅಡ್ಡಾದಿಡ್ಡಿಯಾಗಿ ತೆಗೆದದ್ದರಿಂದ ಆ ಹೆಸರುಗಳಿಂದ ಏನೂ ಉಪಯೋಗವಿರಲಿಲ್ಲ. ನಿಜವಾದ ಕ್ರಮವಿದ್ದದ್ದು ಕಾರ್ಡಿನ ಮೂಲೆಯಲ್ಲಿ. ಅಲ್ಲಿ ಪೆನ್ಸಿಲಿನಲ್ಲಿ ಕನ್ನಡ ಅಂಕಿ ಬರೆದಿತ್ತು. ನಾನು ಮಾಡಬೇಕಾದದ್ದು ಇಷ್ಟು: ಪ್ರತಿ ಫೋಟೋದ ಮೂಲೆಯನ್ನು ಓದಬೇಕು, ಆ ಅಂಕಿಯನ್ನೇ ಫೈಲಿನ ಹೆಸರಾಗಿ ಇಡಬೇಕು. ಹಾಗಾದರೆ ನಮ್ಮ ಸಾಫ್ಟ್‌ವೇರ್ ಫೋಟೋಗಳನ್ನು ಸಾಲಾಗಿ ಓದಿಕೊಂಡು, ಬೆಳಕು ಕಂಡಲ್ಲಿ ತೂತು ಎಂದು ತಿಳಿದು, ಅಂಚನ್ನು ಕಟ್ಟಿಕೊಡುತ್ತದೆ.

ಮೌಸ್ ಹಿಡಿದು ಒಂದೊಂದಾಗಿ ಹೆಸರು ಬದಲಿಸುವ ಕೆಲಸಕ್ಕೆ ನಾನು ಹೋಗುವುದಿಲ್ಲ. ನಾನೂರು ಸಲ ಒತ್ತಿ, ನಾನೂರು ಸಲ ಅಳಿಸಿ, ನಾನೂರು ಸಲ ಬರೆಯುವಷ್ಟರಲ್ಲಿ ಮಣಿಕಟ್ಟು ಬಿದ್ದುಹೋಗುತ್ತದೆ. ನನ್ನ ಬಳಿ ಒಂದು ಟೆಕ್ಸ್ಟ್ ಎಡಿಟರ್ ಇದೆ. ಅದು ಇಡೀ ಫೋಲ್ಡರನ್ನೇ ಒಂದು ಪತ್ರದ ಹಾಗೆ ತೆರೆಯುತ್ತದೆ; ಒಂದು ಸಾಲಿಗೆ ಒಂದು ಫೈಲಿನ ಹೆಸರು. ಸಾಲಿನ ಮೊದಲಲ್ಲಿ ಅದು ತಾನೇ ಒಂದು ಗುರುತು ಇಟ್ಟಿರುತ್ತದೆ, ಅದನ್ನು ಮುಟ್ಟಬಾರದು. ಉಳಿದದ್ದನ್ನು ಹೇಗೆ ಬೇಕಾದರೂ ತಿದ್ದಬಹುದು. ಪತ್ರವನ್ನು ಸೇವ್ ಮಾಡಿದ ಕೂಡಲೇ ಡಿಸ್ಕಿನಲ್ಲಿರುವ ಫೈಲುಗಳ ಹೆಸರೂ ಬದಲಾಗುತ್ತದೆ. ಹೊಸ ಸಾಲು ಬರೆದರೆ ಹೊಸ ಫೈಲು ಹುಟ್ಟುತ್ತದೆ; ಸಾಲನ್ನೇ ಅಳಿಸಿ ಸೇವ್ ಮಾಡಿದರೆ ಫೈಲೂ ಅಳಿದುಹೋಗುತ್ತದೆ. ಕಸದ ಬುಟ್ಟಿಗೆ ಹೋಗಿ ಕಾಯುವುದಿಲ್ಲ.

ಪೆನ್‌ಡ್ರೈವ್‌ನಲ್ಲಿದ್ದದ್ದನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಂಡೆ. ಪೆನ್‌ಡ್ರೈವ್ ನಮ್ಮ ಅಂಗಡಿಯದೇ. ಮಗ್ಗದಿಂದ ಮಗ್ಗಕ್ಕೆ ತಿರುಗುವಂಥದ್ದು. ಆ ಸಂಜೆಯೇ ಅದನ್ನು ಖಾಲಿ ಮಾಡಿ ಬೇರೆಯವರ ಸೆರಗಿನ ಡಿಸೈನ್ ತುಂಬಿ ಕಳಿಸಿಬಿಟ್ಟೆ.

ಮರುದಿನ ಮಧ್ಯಾಹ್ನ ಕೆಲಸಕ್ಕೆ ಕೂತೆ. ಎಡಗಡೆ ಫೋಟೋ, ಬಲಗಡೆ ಹೆಸರುಗಳ ಪತ್ರ. ಫೋಟೋ ನೋಡು, ಸಾಲಿನ ಕೊನೆಗೆ ಅಂಕಿ ಬರೆ, ಕೆಳಗಿಳಿ. ಪ್ರತಿ ಫೋಟೋದಲ್ಲೂ ಅಕ್ಕನ ಹೆಬ್ಬೆರಳು ಇತ್ತು. ಹಿಂದೆ ಕಿಟಕಿಯ ಸರಳು, ಅದರಾಚೆ ನುಗ್ಗೆಮರ. ತೂತುಗಳಲ್ಲಿ ಬೆಳಕು ಹನಿಹನಿಯಾಗಿ ನಿಂತಿತ್ತು. ಮೊದಲ ಫೋಟೋಗಳಲ್ಲಿ ಆ ಬೆಳಕು ಬಿಳಿ, ಬರಬರುತ್ತ ಹಳದಿ, ಆಮೇಲೆ ಕಾಸಿದ ತುಪ್ಪದ ಬಣ್ಣ. ಮತ್ತೆ ತಟ್ಟನೆ ಬಿಳಿ. ಓಹೋ, ಇದು ಎರಡನೇ ದಿನ ಎಂದುಕೊಳ್ಳುತ್ತಿದ್ದೆ. ಅಕ್ಕನ ನಾಲ್ಕು ಮಧ್ಯಾಹ್ನಗಳು ನನ್ನ ಒಂದು ಮಧ್ಯಾಹ್ನದೊಳಗೆ ಹಾದುಹೋಗುತ್ತಿದ್ದವು. ಕೆಳಗೆ ಮಗ್ಗಗಳು ಬಡಿಯುತ್ತಿದ್ದವು. ನಾನು ಎಲ್ಲಿದ್ದೇನೆ, ಯಾವ ಕಿಟಕಿಯ ಬಳಿ ಕೂತಿದ್ದೇನೆ ಎಂಬುದೇ ಎಷ್ಟೋ ಹೊತ್ತು ತಿಳಿಯುತ್ತಿರಲಿಲ್ಲ. ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ನಡುನಡುವೆ ಒಂದು ಬಗೆಯ ಕಾರ್ಡು ಬರುತ್ತಿತ್ತು. ಮೂಲೆಯಲ್ಲಿ ಅಂಕಿಯಿಲ್ಲ, ಅದರ ಜಾಗದಲ್ಲಿ ಕುಂಕುಮದ ಬೊಟ್ಟು. ಇದೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಕೆಟ್ಟ ಕಾರ್ಡೊಂದಕ್ಕೆ ಅರಿಶಿನ ಕುಂಕುಮ ಹಚ್ಚಿ ಮಗ್ಗದ ಕಂಬಕ್ಕೆ ಕಟ್ಟುತ್ತಿದ್ದೆವು. ಅದು ಪೂಜೆಯ ಕಾರ್ಡು, ನೇಯುವ ಕಾರ್ಡಲ್ಲ. ಪಾಪ, ಅಕ್ಕ ಅವನ್ನೂ ಸೇರಿಸಿ ಫೋಟೋ ತೆಗೆದಿದ್ದಾರೆ ಎಂದು ನಗು ಬಂತು. ಪರದೆಗೆ ಬೆರಳು ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಆ ಸಾಲನ್ನು ಅಳಿಸಿದೆ. ಹೀಗೆ ಎಂಟು ಸಲ ಭಕ್ತಿಯಿಂದ ಅಳಿಸಿದೆ. ಸಂಜೆ ಸೇವ್ ಮಾಡಿ ಮನೆಗೆ ಹೋದೆ.

ಶುಕ್ರವಾರ ನಿಜವಾದ ಹೆಸರು ಬದಲಿಸುವ ಕೆಲಸ. ಸಾಲಿನ ಕೊನೆಗೆ ನಾನು ಬರೆದ ಅಂಕಿಯನ್ನು ಉಳಿಸಿ ಅದಕ್ಕೆ ಮುಂಚಿನ ಉದ್ದ ಹೆಸರನ್ನೆಲ್ಲ ತೆಗೆ ಎಂದು ಮೊದಲ ಸಾಲಿನಲ್ಲಿ ಮಾಡಿ ತೋರಿಸಿದೆ. ಬೆರಳು ಏನೇನು ಒತ್ತಿತು ಎಂಬುದನ್ನು ಎಡಿಟರ್ ನೆನಪಿಟ್ಟುಕೊಳ್ಳುತ್ತದೆ. ಇದನ್ನೇ ಕೊನೆಯ ಸಾಲಿನವರೆಗೆ ಮಾಡು ಎಂದರೆ ಮಾಡುತ್ತದೆ. ಸಾಲಿನಿಂದ ಸಾಲಿಗೆ ಕರ್ಸರ್ ಲಾಳಿಯ ಹಾಗೆ ಓಡಿತು. ತಾರೀಕುಗಳು ಉದುರಿದವು, ಬರೀ ಅಂಕಿ ಉಳಿದವು. ಈ ನೋಟ ನನಗೆ ಎಷ್ಟು ಸಲ ನೋಡಿದರೂ ಸಾಲದು.

ಸೇವ್ ಮಾಡುವ ಮುಂಚೆ ಒಂದೇ ಹೆಸರು ಎರಡು ಕಡೆ ಇದೆಯೇ ಎಂದು ಹುಡುಕಿಸಿದೆ. ಮೂರು ಜೋಡಿ ಸಿಕ್ಕವು. ಮಾಸಿದ ಪೆನ್ಸಿಲಿನಲ್ಲಿ ೬ ಮತ್ತು ೯ ಒಂದೇ ತರಹ ಕಂಡಿದ್ದವು. ಹಾಗೆಯೇ ಸೇವ್ ಮಾಡಿದ್ದರೆ ಒಂದರ ಮೇಲೊಂದು ಬಿದ್ದು ಮೂರು ಕಾರ್ಡು ಹೋಗುತ್ತಿದ್ದವು. ಫೋಟೋ ದೊಡ್ಡದು ಮಾಡಿ ನೋಡಿ ತಿದ್ದಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಸಾಫ್ಟ್‌ವೇರಿಗೆ ಕೊಟ್ಟರೆ ಹಂಸದ ಬದಲು ಹರಿದ ಚಾಪೆ ಬಂತು. ಇದು ಗೊತ್ತಿದ್ದ ರೋಗ. ಕಂಪ್ಯೂಟರು ಒಂದಾದ ಮೇಲೆ ಹತ್ತನ್ನು, ಅದಾದ ಮೇಲೆ ನೂರನ್ನು ಇಡುತ್ತದೆ, ಎರಡು ಬರುವುದು ಎಷ್ಟೋ ಆದ ಮೇಲೆ. ಒಂದಂಕಿಯ ಹೆಸರಿಗೆ ಮುಂದೆ ಎರಡು ಸೊನ್ನೆ, ಎರಡಂಕಿಗೆ ಒಂದು ಸೊನ್ನೆ ಹಾಕಿಸಿದೆ. ಈಗ ಎಲ್ಲವೂ ಮೂರಂಕಿ, ಎಲ್ಲವೂ ಒಂದೇ ಉದ್ದ. ಮತ್ತೆ ಕೊಟ್ಟೆ. ಹಂಸ ಬಂತು. ಬಂತು, ಆದರೆ ಅದರ ಮೈಯಲ್ಲಿ ಅಲ್ಲಲ್ಲಿ ಒಂದು ಎಳೆಯಷ್ಟು ಮುಕ್ಕು. ಕೊರಳು ತಿರುಗುವಲ್ಲಿ ಸಣ್ಣಗೆ ಮುರಿದಿತ್ತು.

ಹೆಸರುಗಳ ಪತ್ರವನ್ನು ಮತ್ತೆ ತೆರೆದು ಎಡಗಡೆ ಸಾಲಿನ ಸಂಖ್ಯೆ ಕಾಣುವ ಹಾಗೆ ಮಾಡಿದೆ. ಮೊದಲನೇ ಸಾಲಿನಲ್ಲಿ 001 ಇರಬೇಕಿತ್ತು, ಇದ್ದದ್ದು 002. ಹಾಗೇ ಒಂದು ಹೆಜ್ಜೆ ಮುಂದಿಟ್ಟುಕೊಂಡೇ ಐವತ್ತರವರೆಗೆ ಬಂದು, ಮುಂದೆ 051 ಇಲ್ಲದೆ 052. ಅಲ್ಲಿಂದ ಎರಡು ಹೆಜ್ಜೆ. 101 ಇಲ್ಲ, 151 ಇಲ್ಲ. ಕೊನೆಯ ಸಾಲು ಮುನ್ನೂರ ತೊಂಬತ್ತೆರಡನೆಯದು, ಅದರಲ್ಲಿದ್ದ ಹೆಸರು 400. ಎಂಟು ಕಾರ್ಡು ಇಲ್ಲ. ಐವತ್ತಕ್ಕೊಂದರಂತೆ, ಅಳತೆ ಹಿಡಿದು ತೆಗೆದ ಹಾಗೆ ಎಂಟು.

ಎಂಟು ಎಂದ ಕೂಡಲೇ ಕುಂಕುಮ ನೆನಪಾಯಿತು. ಕೆಳಗಿನ ಮಗ್ಗಗಳ ಸದ್ದು ಮೊದಲ ಸಲ ಕಿವಿಗೆ ಕರ್ಕಶವಾಗಿ ಕೇಳಿಸಿತು. ಆ ಎಂಟು ಕಾರ್ಡುಗಳ ಮೂಲೆಯಲ್ಲಿ ಅಂಕಿ ಬರೆಯುವ ಬದಲು ಬೊಟ್ಟಿಟ್ಟಿದ್ದರು, ನಾನು ಅವನ್ನು ಕೈಯಾರೆ ಅಳಿಸಿದ್ದೆ. ಅಳಿದ ಫೈಲು ಹುಡುಕುವ ಪ್ರೋಗ್ರಾಮ್ ಓಡಿಸಿದೆ. ಯಾರದೋ ಹಳೆಯ ಸೆರಗುಗಳು ಬಂದವು, ಈ ಎಂಟರಲ್ಲಿ ಒಂದೂ ಬರಲಿಲ್ಲ. ಪೆನ್‌ಡ್ರೈವ್ ತರಿಸಿದೆ, ಅದರ ಮೇಲೆ ಆಗಲೇ ಮೂರು ಸಲ ಬೇರೆ ಬೇರೆ ಡಿಸೈನ್ ತುಂಬಿಯಾಗಿತ್ತು. ಕಾರ್ಡುಗಳು ಹಂಡೆಯ ಕೆಳಗೆ ಬೂದಿ.

ಅಂಗಡಿಯ ಯಜಮಾನರು ನನ್ನ ಮುಖ ನೋಡಿ ವಿಷಯ ಕೇಳಿದರು. ಹೇಳಿದೆ.

"ಅಷ್ಟಕ್ಕೆ ಯಾಕಮ್ಮ ಹಿಂಗ್ ಕೂತಿದ್ದೀಯಾ? ಹಿಂದಿನ್ ಕಾರ್ಡು ಮುಂದಿನ್ ಕಾರ್ಡು ನೋಡ್ಕೊಂಡು ಮಧ್ಯ ಒಂದು ನೀನೇ ತುಂಬ್ಸಿಬಿಡು. ನಾನೂರರಲ್ಲಿ ಎಂಟು. ಯಾರ್ ಎಣಿಸ್ತಾರೆ?"

ಅದು ನನಗೆ ಬಾರದ ಕೆಲಸವೇನಲ್ಲ. ಪಕ್ಕಪಕ್ಕದ ಎರಡು ಕಾರ್ಡಿಗೆ ಒಂದೆರಡು ತೂತಿನ ವ್ಯತ್ಯಾಸ ಅಷ್ಟೆ. ತುಂಬಿಸಿ ಕೊಟ್ಟರೆ ಅಕ್ಕನಿಗೂ ತಿಳಿಯುತ್ತಿರಲಿಲ್ಲವೇನೋ. ಒಂದನ್ನು ತುಂಬಿಸಿಯೂ ನೋಡಿದೆ. ಕೊರಳು ಸರಿಯಾಗಿ ಕೂತಿತು. ಆದರೆ ಆ ಸಾಲು ನನ್ನದು, ಅವರದ್ದಲ್ಲ. ನೆರೆಮನೆಯವಳ ಹಿಟ್ಟು ಚೆಲ್ಲಿ ನಮ್ಮನೆಯದನ್ನು ಸದ್ದಿಲ್ಲದೆ ಅವಳ ಡಬ್ಬಿಗೆ ಸುರಿದ ಹಾಗೆ ಅನ್ನಿಸಿತು. ನಾಚಿಕೆಯಾಯಿತು. ತುಂಬಿಸಿದ್ದನ್ನು ತೆಗೆದೆ. ಬೈಸಿಕೊಳ್ಳುವುದೇ ಆದರೆ ಎದುರಿಗೇ ಬೈಸಿಕೊಳ್ಳೋಣ ಎಂದು ಅಕ್ಕನಿಗೆ ಫೋನ್ ಮಾಡಿದೆ.

ಶನಿವಾರ ಊಟದ ಹೊತ್ತಿಗೆ ಅಕ್ಕ ಬಂದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅಕ್ಕ ಕುರ್ಚಿಯ ಅಂಚಿನಲ್ಲಿ ಕೂತು ಪರದೆಯನ್ನೇ ನೋಡಿದರು.

"ಅವು ಲಾಭ ಕಣಮ್ಮ" ಎಂದರು ಕೊನೆಗೆ. "ರಾಗಿ ಅಳೆಯೋವಾಗ ಮೊದಲ್ನೇ ಸೇರನ್ನ ಒಂದು ಅಂತಾರಾ? ಲಾಭ ಅಂತಾರೆ, ಆಮೇಲೆ ಎರಡು, ಮೂರು. ನಮ್ಮತ್ತೆ ಕಾರ್ಡೂ ಹಂಗೇ ಎಣಿಸ್ಬೇಕು ಅನ್ನೋರು. ಐವತ್ತಕ್ಕೊಂದು ಕಟ್ಟು, ಕಟ್ಟಿಗೊಂದು ಲಾಭ. ಲಾಭದ್ ಮೇಲೆ ಅಂಕಿ ಬರೀಬಾರ್ದು, ಬೊಟ್ಟಿಡ್ಬೇಕು. ನೀನು ನೇಯೋರ ಮನೆ ಮಗ್ಳು, ಇಷ್ಟೂ ತಿಳೀಲಿಲ್ವಾ?"

ತಿಳಿದವಳೆಂಬ ಜಂಬದಿಂದಲೇ ಆದದ್ದು ಎಂದೆ. ಅಳು ಬಂತು. ಅಕ್ಕ ನನ್ನ ತಲೆಗೆ ಮೆಲ್ಲಗೆ ಮೊಟಕಿದರು.

"ಅತ್ರೆ ಕಾರ್ಡ್ ಬರುತ್ತಾ? ಬರ್ಕೋ, ಹೇಳ್ತೀನಿ."

"ಏನು ಹೇಳ್ತೀರ ಅಕ್ಕ?"

"ತೂತ. ಹೊಡೆದೋಳು ನಾನು, ನಂಗ್ ಗೊತ್ತಿಲ್ವಾ?"

ನನಗೆ ಅರ್ಥವಾಗಲಿಲ್ಲ. ಆ ಅಂಚು ಮಾವನದ್ದಲ್ಲವೇ ಎಂದೆ. ಅಕ್ಕ ಸುಮ್ಮನೆ ನಕ್ಕರು. ಮದುವೆಯಾಗಿ ಬಂದ ಎರಡನೇ ವರ್ಷ, ಮಧ್ಯಾಹ್ನ ಎಲ್ಲರೂ ಮಲಗಿದಾಗ, ಗೀಟು ಹಾಕಿದ ಹಾಳೆಯಲ್ಲಿ ಚುಕ್ಕಿಯಿಟ್ಟು ಬರೆದು, ತಾವೇ ಕಾರ್ಡು ಹೊಡೆದರಂತೆ. ಮಾವ ಅದನ್ನು ಮಗ್ಗಕ್ಕೆ ಏರಿಸಿದರು, ಸೀರೆಯನ್ನು ಪೇಟೆಗೆ ಒಯ್ದರು. ಪೇಟೆಯವರು ಒಯ್ದವರ ಹೆಸರಿಟ್ಟರು.

"ಹಂಸ ಅಂತ ಹೆಸರಿಟ್ಟೋರೂ ಅವ್ರೇ. ಹಂಸ ಯಾರ್ ನೋಡವ್ರೆ? ನಾನ್ ನೋಡಿದ್ದು ಬಾತುಕೋಳಿ. ನಮ್ಮೂರ್ ಕಡೆ ನೀರಲ್ಲಿ ಬರ್ತಿದ್ವು."

ಎಡಿಟರಿನಲ್ಲಿ ಹೊಸ ಹಾಳೆ ತೆರೆದೆ. ಒಂದು ಕಾರ್ಡಿಗೆ ನೂರಿಪ್ಪತ್ತು ಜಾಗ. ತೂತಿಗೆ ಒಂದು ಗುಣಿಸು ಚಿಹ್ನೆ, ಬಿಟ್ಟ ಜಾಗಕ್ಕೆ ಒಂದು ಚುಕ್ಕಿ ಎಂದು ಮಾಡಿಕೊಂಡೆವು. ಐವತ್ತನೇ ಕಾರ್ಡಿನ ಫೋಟೋ ಮತ್ತು ಐವತ್ತೆರಡನೆಯದನ್ನು ಅಕ್ಕನ ಮುಂದೆ ಇಟ್ಟೆ. ಅವರು ಎರಡನ್ನೂ ಸ್ವಲ್ಪ ಹೊತ್ತು ನೋಡಿ ಕಣ್ಣು ಮುಚ್ಚಿಕೊಂಡರು. ಬಲಗೈ ಮೊಣಕಾಲಿನ ಮೇಲೆ ಏನನ್ನೋ ಬಡಿಯತೊಡಗಿತು.

"ಮೂರು ಬಿಡು. ಎರಡು ಹೊಡಿ. ಒಂದು ಬಿಡು. ಐದು ಹೊಡಿ. ಹಾಂ, ಇಲ್ಲಿ ಕಾಲು ಮಡಚುತ್ತೆ, ನಾಕು ಬಿಡು..."

ಅದು ಹೇಳುವುದೂ ಅಲ್ಲ, ಹಾಡುವುದೂ ಅಲ್ಲ. ಕೆಳಗಿನ ಮಗ್ಗದ ಬಡಿತಕ್ಕೆ ಸರಿಯಾಗಿ ಬರುತ್ತಿತ್ತು. ನಾನು ಬರೆಯುತ್ತ ಹೋದೆ. ಬಿಡು, ಹೊಡಿ, ಬಿಡು, ಹೊಡಿ. ಅಕ್ಕನ ಮುಖ ನಿಧಾನವಾಗಿ ಹಗುರವಾಯಿತು. ಇಪ್ಪತ್ತರ ಹುಡುಗಿಯೊಬ್ಬಳು ಮನೆಯೆಲ್ಲ ಮಲಗಿದ ಹೊತ್ತಿನಲ್ಲಿ ಒಬ್ಬಳೇ ಕೂತು ನೀರಿನ ಮೇಲಿನ ಹಕ್ಕಿಯನ್ನು ನೆನೆಯುತ್ತಿರುವುದು ನನಗೆ ಕಂಡಂತೆಯೇ ಆಯಿತು. ನನಗೂ ರೆಪ್ಪೆ ಭಾರವಾಗಿತ್ತು, ಬೆರಳು ಮಾತ್ರ ತಪ್ಪಲಿಲ್ಲ. ಅಕ್ಕ "ಆಯ್ತು" ಎಂದಾಗ ಸಾಲಿನ ಕೊನೆಯಲ್ಲಿ ಕರ್ಸರ್ ನಿಂತ ಜಾಗ ನೋಡಿದೆ. ನೂರಿಪ್ಪತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಏಳು ಕಾರ್ಡು ಹೀಗೆ ಬಂದವು. ಒಂದರಲ್ಲಿ ನೂರಹತ್ತೊಂಬತ್ತಕ್ಕೆ ನಿಂತಿತ್ತು. ಮತ್ತೆ ಹೇಳಿಸಿದಾಗ ತಪ್ಪು ನನ್ನದೇ ಎಂದು ಗೊತ್ತಾಯಿತು. ಎಂಟನೆಯದು, ಮುನ್ನೂರ ಐವತ್ತೊಂದು, ಅಕ್ಕನನ್ನು ತಡೆಯಿತು. ಅದು ಕಣ್ಣಿನ ಕಾರ್ಡು.

"ಇಲ್ಲಿ ಎರಡು ತೂತ ಹೊಡೀಬೇಕಿತ್ತು. ಆವತ್ತು ಜೋಂಪು ಹತ್ತಿತ್ತು, ಬಿಟ್ಟುಹೋಯ್ತು. ಅದಕ್ಕೇ ಕಣ್ಣು ಮುಚ್ಚೈತೆ. ನೇಯ್ದಾದ್ಮೇಲೆ ನೋಡ್ಕಂಡೆ. ತಿದ್ತೀನಿ ಅಂದ್ರೆ ಮಾವ, ಮಲಗಿರೋ ಹಂಸ ಅಂತ ನಾನೇ ಬೇಕಂತ ಮಾಡ್ಸಿದ್ದು ಅಂತ ಪೇಟೇಲೆಲ್ಲ ಹೇಳ್ಬಿಟ್ಟವ್ರೆ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಈಗ ಹೊಡೆಯಲೇ ಅಕ್ಕ, ಕಣ್ಣು ತೆರೆಸಲೇ ಎಂದು ಕೇಳಿದೆ. ನನ್ನ ಬೆರಳು ಕೀಲಿಯ ಮೇಲಿತ್ತು.

"ಬ್ಯಾಡ. ಇಷ್ಟ್ ವರ್ಷ ಮಲಗೈತೆ, ಎಬ್ಬಿಸ್ಬೇಡ. ಜನ ಕೇಳೋದು ಇದನ್ನೇ."

ಚುಕ್ಕಿಗಳನ್ನೇ ಇಟ್ಟೆ. ಎಂಟು ಸಾಲುಗಳನ್ನು ಎಂಟು ಚಿತ್ರಗಳಾಗಿಸಿ 001, 051 ಎಂದು ಹೆಸರು ಕೊಟ್ಟು ಸೇರಿಸಿದೆ. ಪತ್ರ ತೆರೆದು ನೋಡಿದರೆ ಸಾಲಿನ ಸಂಖ್ಯೆಯೂ ಹೆಸರೂ ಮೇಲಿಂದ ಕೆಳಗಿನವರೆಗೆ ಕೈಹಿಡಿದು ನಡೆಯುತ್ತಿದ್ದವು. ಈ ಸಲ ಮೊದಲು ಇಡೀ ಫೋಲ್ಡರಿನ ನಕಲು ಎರಡು ಕಡೆ ಇಟ್ಟೆ, ಆಮೇಲೆ ಸಾಫ್ಟ್‌ವೇರಿಗೆ ಕೊಟ್ಟೆ. ಬಾತುಕೋಳಿ ಮುಕ್ಕಿಲ್ಲದೆ ಬಂತು. ಮಿಷಿನಿಗೆ ಹೋಗುವ ಫೈಲಿಗೆ ಏನು ಹೆಸರಿಡಲಿ ಎಂದಾಗ, ಪೇಟೆಯಲ್ಲಿ ಕರೆಯುವ ಹೆಸರನ್ನೇ ಇಡು ಎಂದು ಅಕ್ಕ ಹೇಳಿದರು. ಮಿಷಿನು ಎಂಟಕ್ಕಿಂತ ಹೆಚ್ಚು ಅಕ್ಷರದ ಹೆಸರನ್ನು ಒಪ್ಪುವುದಿಲ್ಲ, ಅವರ ಮಾವನ ಹೆಸರನ್ನು ಎಂಟು ಅಕ್ಷರಕ್ಕೆ ಕತ್ತರಿಸಿ ಇಟ್ಟೆ. ನನಗೆ ಅದು ಹಿಡಿಸಲಿಲ್ಲ, ಆದರೆ ಅಂಚು ನನ್ನದಲ್ಲ.

ಸೋಮವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಫಿಟ್ಟರ್ ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದ. ಮನೆಯವರೆಲ್ಲ ಸುತ್ತ ನಿಂತಿದ್ದರು, ಅಕ್ಕ ಬಾಗಿಲ ಹತ್ತಿರ. ಮಗ್ಗ ಓಡಿತು. ಮೊದಲು ಒಂದಿಷ್ಟು ಜರಿಯ ಗೆರೆ, ಆಮೇಲೆ ಕಾಲು, ಹೊಟ್ಟೆ, ಬಾಗಿದ ಕೊರಳು. ಕೊನೆಗೆ ಮುಚ್ಚಿದ ಕಣ್ಣು. "ಬಂತು, ಅದೇ ಬಂತು" ಎಂದರು ಯಾರೋ. ಅಕ್ಕ ಹತ್ತಿರ ಬಂದು ಬಟ್ಟೆಯ ಮೇಲೆ ಬೆರಳಾಡಿಸಿ, ಕಾಫಿ ಮಾಡಲು ಒಳಗೆ ಹೋದರು.

ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಮರುದಿನ ನನ್ನ ಜೋಂಪಿನ ಹೊತ್ತಿಗೆ ಸರಿಯಾಗಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಅಕ್ಕ ಬಂದು ಅದೇ ಕುರ್ಚಿಯಲ್ಲಿ ಕೂತರು.

"ಖಾಲಿ ಫೈಲ್ ಮಾಡೋಕಾಗುತ್ತಾ? ಒಳಗೆ ಏನೂ ಇಲ್ದೇ?"

ಆಗುತ್ತದೆ ಎಂದೆ. ಹೆಸರೊಂದಿದ್ದರೆ ಸಾಕು, ಒಳಗೆ ಸೊನ್ನೆ ಇದ್ದರೂ ಫೈಲೇ.

"ಹಂಗಾದ್ರೆ ಒಂದು ಮಾಡು. ಅದರ ಮೇಲೆ ನನ್ ಹೆಸ್ರು ಹಾಕು."

"ಒಳಗೆ ಏನು ಬರುತ್ತೆ ಅಕ್ಕ?"

"ಇನ್ನೂ ಗೊತ್ತಿಲ್ಲ. ಆದ್ರೆ ಅದು ಎದ್ದಿರುತ್ತೆ" ಎಂದರು.

ಫೋಲ್ಡರನ್ನು ಪತ್ರದ ಹಾಗೆ ತೆರೆದು, ಕೊನೆಯ ಸಾಲಿನ ಕೆಳಗೆ ಹೊಸ ಸಾಲು ಮಾಡಿ, ಅಕ್ಕನ ಹೆಸರನ್ನು ಬರೆದು ಸೇವ್ ಮಾಡಿದೆ. ಏಳೇ ಅಕ್ಷರ, ಏನೂ ಕತ್ತರಿಸಬೇಕಾಗಲಿಲ್ಲ. ಅಕ್ಕ ಮುಂದೆ ಬಾಗಿ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಓದಿದರು, ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದನ್ನ ಮಾತ್ರ ಅಳಿಸ್ಬೇಡ ಕಣಮ್ಮ."